ಸೇತುವೆಯಿಂದ ಉತ್ತರಕ್ಕೆ

ಬಿಸಿಲು ದಂಡೆ, ಲೋರ್ವಾ ಕಣಿವೆ
ಭಾನುವಾರ, ಮಾರ್ಚ್ 3, 1991

ಪ್ರೀತಿಯ ತೋನೆ ಅಕ್ಕನಿಗೆ,

ನಿನ್ನ ತಂಗಿ ಗುನ್‌ವೋರ್ ಮಾಡುವ ವಂದನೆಗಳು. ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಎಂದು ಬರೆಯಹೋಗಿ ಕೈ ನಿಂತಿತು. ನಿನ್ನ ಕ್ಷೇಮ ಹೇಗಿದೆ ಎಂದು ಕಣ್ಣಾರೆ ನೋಡಿಕೊಂಡೇ ಬಂದಿದ್ದೇನಲ್ಲ. ಆ ಸಾಲು ಬಿಟ್ಟುಬಿಡೋಣ.

ಇದನ್ನು ನಿನಗೆ ಓದಿ ಹೇಳುವವಳು ನರ್ಸ್ ಸಿಸ್ಸೆಲ್ ಎಂದು ಗೊತ್ತು. ಸಿಸ್ಸೆಲ್, ನೀನು ಕರಾವಳಿಯ ಹುಡುಗಿ, ನಿನ್ನ ಓದು ಗಾಳಿಗೆ ಸಿಕ್ಕ ದೋಣಿಯ ಹಾಗೆ ಓಡುತ್ತದೆ. ನಮ್ಮಕ್ಕನಿಗೆ ನಿಧಾನವಾಗಿ ಓದು. ನಡುವೆ ಅವಳು ಹುಬ್ಬು ಗಂಟಿಕ್ಕಿದರೆ ನಿಲ್ಲಿಸಬೇಡ. ಪಾರ್ಶ್ವವಾಯು ಹೊಡೆಯುವ ಮೊದಲೂ ಅವಳ ಹುಬ್ಬು ಹಾಗೇ ಇತ್ತು.

ಅಕ್ಕ, ಮೊದಲು ನಿನ್ನ ಮನೆಯ ವಿಷಯ. ನಲ್ಲಿಯ ನೀರು ನಿಲ್ಲಿಸಿದ್ದೇನೆ, ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತಿತ್ತು. ನೆಲಮಾಳಿಗೆಯ ಆಲೂಗಡ್ಡೆ ಮೊಳಕೆ ಬಂದಿದೆ, ಅರ್ಧ ನಾನು ತಂದೆ. ನಿನ್ನ ಬೆಕ್ಕು ನನ್ನ ಹತ್ತಿರವೇ ಇದೆ. ನನ್ನ ಮೀನು ತಿಂದು, ನನ್ನ ಒಲೆಯ ಪಕ್ಕ ಮಲಗಿ, ಕಿಟಕಿಯಲ್ಲಿ ಕೂತು ಹೊಳೆಯಾಚೆಯ ನಿನ್ನ ಮನೆ ನೋಡುತ್ತದೆ. ಋಣಗೇಡಿ ಪ್ರಾಣಿ.

ಹೋದ ವಾರ ನಿನ್ನ ಮನೆಗೆ ಬಿಸಿಲು ಬಂತು. ಬೆಳಿಗ್ಗೆಯೇ ಸೇತುವೆ ಸುತ್ತಿಕೊಂಡು ಹೋಗಿ, ಅಮ್ಮ ಇಡುತ್ತಿದ್ದ ಹಾಗೆ ಅಡುಗೆಮನೆಯ ಕಿಟಕಿ ಹಲಗೆಯ ಮೇಲೆ ಬೆಣ್ಣೆ ಇಟ್ಟೆ, ವರ್ಷದ ಮೊದಲ ಬಿಸಿಲಿಗೆ ಕರಗಲಿ ಎಂದು. ನಾವಿಬ್ಬರೂ ಚಿಕ್ಕವರಿದ್ದಾಗ ಆ ಬೆಣ್ಣೆ ಪೂರ್ತಿ ಕರಗಿದರೆ ಒಳ್ಳೆಯ ವರ್ಷ ಎಂದು ಉಸಿರು ಬಿಗಿಹಿಡಿದು ಕೂರುತ್ತಿದ್ದೆವಲ್ಲ. ಈ ಸಲ ಬಿಸಿಲು ಬರುವ ಮೊದಲೇ ನನ್ನ ಹಿಂದೆ ಬಂದಿದ್ದ ಬೆಕ್ಕು ಅದನ್ನು ನೆಕ್ಕಿಹಾಕಿತು. ನೀನಿದ್ದಿದ್ದರೆ ಪೊರಕೆ ತೆಗೆದುಕೊಂಡು ಓಡಿಸುತ್ತಿದ್ದೆ. ನಾನು ಸುಮ್ಮನೆ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತೆ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಫೆಬ್ರವರಿಯಲ್ಲಿ ನಿನ್ನನ್ನು ನೋಡಲು ಬಸ್ಸಿನಲ್ಲಿ ಪಟ್ಟಣಕ್ಕೆ ಬಂದಿದ್ದೆ. ನಮ್ಮ ಕಡೆಯ ಕಂದು ಬಣ್ಣದ ಚೀಸ್ ತಂದಿದ್ದೆ, ನೀನೇ ಹೆಣೆದ ಹಳೆಯ ಕೈಗವಸು ಹಾಕಿಕೊಂಡಿದ್ದೆ, ನೋಡಲಿ ಎಂದು. ಕಿಟಕಿಯ ಕಡೆ ಕುರ್ಚಿ ಹಾಕಿಕೊಂಡು ಕೂತೆ. ನೀನು ನನ್ನನ್ನು ಒಂದು ಸಲ ನೋಡಿದೆ. ಆಮೇಲೆ, ಸರಿಯಿರುವ ಎಡಗೈಯಿಂದ ಮಂಚದ ಸರಳು ಹಿಡಿದು, ಎಷ್ಟು ಕಷ್ಟಪಟ್ಟು, ಮೈಯನ್ನೆಲ್ಲ ಎಳೆದುಕೊಂಡು, ಆಚೆ ಗೋಡೆಯ ಕಡೆ ತಿರುಗಿ ಮಲಗಿದೆ. ನನ್ನ ಬಸ್ಸಿನ ಹೊತ್ತಾಗುವ ತನಕ ಆ ಬರಿಯ ಗೋಡೆಯನ್ನೇ ನೋಡಿದೆ. ಸಿಸ್ಸೆಲ್ ಪಾಪ, "ಸುಸ್ತಾಗಿರತ್ತೆ ಕಣಮ್ಮ, ಬೇಜಾರ್ ಮಾಡ್ಕೋಬೇಡಿ" ಅಂದಳು. ನನ್ನಕ್ಕ ಸುಸ್ತಾದರೆ ಹೇಗಿರುತ್ತಾಳೆ, ಮುಖ ತಿರುಗಿಸಿದರೆ ಹೇಗಿರುತ್ತಾಳೆ ಎಂದು ನನಗೆ ಗೊತ್ತಿಲ್ಲವೇ. ನನಗೆ ಅರ್ಥವಾಯಿತು. ಇನ್ನು ನಾನು ಬಂದು ನಿನಗೆ ಹಿಂಸೆ ಕೊಡುವುದಿಲ್ಲ. ಅದನ್ನು ಹೇಳಲಿಕ್ಕೇ ಈ ಕಾಗದ.

ಆದರೆ ಅಷ್ಟನ್ನೇ ಹೇಳಿ ಮುಗಿಸಿದರೆ ನಾನು ಹೇಡಿಯಾಗುತ್ತೇನೆ. ಜನವರಿಯಲ್ಲಿ ನೀನು ಬಿದ್ದ ದಿನ ಆಂಬ್ಯುಲೆನ್ಸ್ ಯಾಕೆ ತಡವಾಯಿತು ಎಂದು ನಿನಗೆ ನೆನಪಿದೆಯೋ ಇಲ್ಲವೋ, ಬೇರೆ ಯಾರೂ ಹೇಳಿರಲಾರರು. ರಸ್ತೆ ಜಾರುತ್ತಿತ್ತು ಎಂದು ಡಾಕ್ಟರ ಹತ್ತಿರ ನಾನೇ ಹೇಳಿಬಂದಿದ್ದೆ. ರಸ್ತೆ ಜಾರುತ್ತಿರಲಿಲ್ಲ ಅಕ್ಕ. ಮಂಜುಗಡ್ಡೆಯ ಮೇಲೆ ಮರಳು ಹಾಕಿದ್ದರು.

ಸಿಸ್ಸೆಲ್, ಇಲ್ಲಿ ಸ್ವಲ್ಪ ನಿನಗಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನೀನು ಏನು ಓದುತ್ತಿದ್ದೀಯೋ ನಿನಗೇ ತಿಳಿಯುವುದಿಲ್ಲ. ನಮ್ಮ ಲೋರ್ವಾ ಹೊಳೆ ಬೆಟ್ಟದಲ್ಲಿ ಹುಟ್ಟಿ ಮರ್ಯಾದೆಯಿಂದ ಉತ್ತರದಿಂದ ದಕ್ಷಿಣಕ್ಕೆ ಇಳಿದು ಬರುತ್ತದೆ. ಮೇಲೂರು ದಾಟಿ ಕರಿಬಂಡೆಗೆ ಮುಟ್ಟಿದ್ದೇ ತಡ, ಒಲೆ ಆರಿಸುವುದನ್ನು ಮರೆತು ಬಂದ ಹೆಂಗಸಿನ ಹಾಗೆ ಗಕ್ಕನೆ ಹಿಂದಕ್ಕೆ ತಿರುಗಿ, ಉತ್ತರಕ್ಕೆ ಹರಿದು, ನಿಮ್ಮ ಪಟ್ಟಣದ ಹತ್ತಿರ ಸಮುದ್ರ ಸೇರುತ್ತದೆ. ನಕ್ಷೆಯಲ್ಲಿ ನೋಡಿದರೆ ಮೀನಿನ ಗಾಳದ ಕೊಕ್ಕೆ. ಹಿಮಯುಗದಲ್ಲಿ ಅದರ ಹಳೆಯ ದಾರಿ ಕಟ್ಟಿಹೋಯಿತು ಎಂದು ಶಾಲೆಯ ಮೇಷ್ಟ್ರು ಹೇಳುತ್ತಿದ್ದರು. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎಂದು ಅಪ್ಪ ಹೇಳುತ್ತಿದ್ದ. ನಮ್ಮ ಹಿರಿಯರು ಮೇಲೂರಿನಿಂದ ಇಳಿದು ಬಂದವರು. ಅಲ್ಲಿ ಹೊಳೆಯ ಮೇಲೆಂದರೆ ಉತ್ತರ, ಕೆಳಗೆಂದರೆ ದಕ್ಷಿಣ. ಕರಿಬಂಡೆಯ ಹತ್ತಿರ ಹೊಳೆ ತಿರುಗಿತು, ಅವರ ಮಾತು ತಿರುಗಲಿಲ್ಲ. ಇವತ್ತಿಗೂ ನಮಗೆ ಹೊಳೆ ಎಲ್ಲಿಂದ ಬರುತ್ತದೋ ಅದು ಉತ್ತರ, ಎಲ್ಲಿಗೆ ಹೋಗುತ್ತದೋ ಅದು ದಕ್ಷಿಣ. ನಿಮ್ಮ ಪಟ್ಟಣವನ್ನು ನಾವು ದಕ್ಷಿಣ ಎನ್ನುತ್ತೇವೆ. ನಿಮ್ಮ ನಕ್ಷೆಯಲ್ಲಿ ಅದು ನಮಗೆ ಉತ್ತರ. ಸೂರ್ಯ ಏನು ಹೇಳಿದರೂ ನಾವು ಕೇಳುವವರಲ್ಲ.

ಇದು ನಗುವ ವಿಷಯವಾಗಿತ್ತು, ಹಾಲ್ವರ್ ಹೋಗುವ ತನಕ. ಹಾಲ್ವರ್ ನನ್ನ ಗಂಡ. ಅಕ್ಕ ಹುಟ್ಟಿದ ಮನೆಯಲ್ಲೇ, ನೆರಳು ದಂಡೆಯಲ್ಲಿ ಉಳಿದಳು. ನಾನು ಹೊಳೆ ದಾಟಿ ಬಿಸಿಲು ದಂಡೆಗೆ ಮದುವೆಯಾಗಿ ಬಂದೆ. "ನೀನು ಗಂಡನ್ನ ನೋಡಿ ಹೋಗ್ಲಿಲ್ಲ ಕಣೇ, ಬಿಸಿಲು ನೋಡ್ಕೊಂಡು ಹೋದೆ" ಎಂದು ಇವಳು ಜನ್ಮವೆಲ್ಲ ಚುಚ್ಚಿದಳು. ಪ್ರತಿ ಚಳಿಗಾಲ ಹೊಳೆ ಗಟ್ಟಿಯಾದ ಮೇಲೆ ಹಾಲ್ವರ್ ಮಂಜುಗಡ್ಡೆಯ ಮೇಲೆ ಸ್ಪ್ರೂಸ್ ಮರದ ರೆಂಬೆ ನೆಟ್ಟು, ನಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ ದಾರಿ ಗುರುತು ಮಾಡುತ್ತಿದ್ದ. ಅವನಪ್ಪ ಮಾಡುತ್ತಿದ್ದ ಕೆಲಸ. ಬೆಟ್ಟದಲ್ಲಿ ಅಣೆಕಟ್ಟು ಆದ ಮೇಲೆ, ಅವರು ನೀರು ಬಿಟ್ಟಾಗಲೆಲ್ಲ ಮಂಜುಗಡ್ಡೆ ಅಡಿಯಿಂದ ಸವೆಯುತ್ತದೆ. ಎಲ್ಲರೂ ಹೇಳಿದರು. "ಈ ಹೊಳೆ ನನಗೆ ಗೊತ್ತಿಲ್ವಾ" ಅಂದ. ಗೊತ್ತಿತ್ತು, ಹಳೆಯ ಹೊಳೆ.

ಅಕ್ಕ, ನಾಲ್ಕು ವರ್ಷದ ಹಿಂದೆ ಹಾಲ್ವರ್ ಹೋದ ಆ ಫೆಬ್ರವರಿಯ ಕಥೆಯನ್ನು ನಿನ್ನಿಂದ ಒಂದು ಸಲವೂ ಕೇಳಲಿಲ್ಲ ನಾನು. ಊರವರಿಂದ ಕೇಳಿದೆ. ಅವನು ರೆಂಬೆಯ ಹೊರೆ ಸಮೇತ ಕುಸಿದದ್ದನ್ನು ನೀನು ಕಿಟಕಿಯಿಂದ ನೋಡಿದೆಯಂತೆ. ಮೊದಲು ಫೋನಿಗೆ ಓಡಿ, "ಸೇತುವೆಯಿಂದ ಉತ್ತರಕ್ಕೆ, ಬೇಗ ಬನ್ನಿ, ನಮ್ಮ ಹಾಲ್ವರ್ ಹೊಳೇಲಿದಾನೆ" ಎಂದು ಕೂಗಿ, ಹುಲ್ಲು ಎಳೆಯುವ ಕುಂಟೆ ಹಿಡಿದು ಹೊಳೆಗೆ ಓಡಿದೆಯಂತೆ. ಮಂಜುಗಡ್ಡೆಯ ಮೇಲೆ ಹೊಟ್ಟೆಯೂರಿ ತೆವಳಿದೆಯಂತೆ. ಕುಂಟೆ ಅವನ ತನಕ ಎಟುಕಲಿಲ್ಲ. ನಗರದಿಂದ ಬಂದ ಹೆಲಿಕಾಪ್ಟರಿನವರು ನಕ್ಷೆಯ ಉತ್ತರಕ್ಕೆ ಹೋದರು, ಅಂದರೆ ಸೇತುವೆಯ ಕೆಳಕ್ಕೆ. ಅವರು ಅಲ್ಲಿ ಸುತ್ತು ಹೊಡೆಯುವುದು ನಿಮ್ಮಿಬ್ಬರಿಗೂ ಕಾಣುತ್ತಿತ್ತು. ನೀನು ತಲೆಯ ರುಮಾಲು ಬಿಚ್ಚಿ ಬೀಸುತ್ತಿದ್ದೆ. ಹಾಲ್ವರ್ ನಿನಗೆ, "ಅಲ್ಲಿ ಯಾರನ್ನ ಹುಡುಕ್ತಿದಾರೆ ತೋನೆ?" ಎಂದು ಕೇಳಿದನಂತೆ. ಅದೇ ಅವನ ಕೊನೆಯ ಮಾತು ಎಂದು ಪಾದ್ರಿ ನನಗೆ ಹೇಳಿದರು. ನಾನು ಅವತ್ತು ಪಟ್ಟಣದಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದೆ.

ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕೂತಾಗ ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ನೀನು ಮರೆತಿಲ್ಲ, ಊರೂ ಮರೆತಿಲ್ಲ. ನೀನು ಒಂದೇ ಮಾತು ಕೇಳಿದೆ: "ನಾನೇನು ಬೇರೆ ಭಾಷೇಲಿ ಹೇಳಿದ್ನೇನೇ? ಹುಟ್ಟಿದಾಗಿಂದ ಹಿಂಗೇ ಅಲ್ವಾ ನಾವು ಹೇಳೋದು?" ನಾನು ಕೋಟು ಹಾಕಿಕೊಂಡು ಎದ್ದು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಂದ ಮುಂದೆ ಒಂದೇ ಹೊಳೆಯ ಎರಡು ದಂಡೆಗಳಲ್ಲಿ ನಾವು ಬದುಕಿದೆವು, ಅಂಗಡಿಯಲ್ಲಿ ಎದುರಾದರೆ ಬ್ರೆಡ್ಡಿನ ಕಪಾಟು ನೋಡುತ್ತ. ಆದರೂ ಒಂದು ನಿಜ ಹೇಳುತ್ತೇನೆ. ದಿನಾ ಬೆಳಿಗ್ಗೆ ನಿನ್ನ ಹೊಗೆಕೊಳವೆಯಲ್ಲಿ ಹೊಗೆ ಎದ್ದದ್ದನ್ನು ನೋಡದೆ ನಾನು ಕಾಫಿ ಬಗ್ಗಿಸಿಕೊಂಡವಳಲ್ಲ. ನಿನ್ನ ಪರದೆಯೂ ಅದೇ ಹೊತ್ತಿಗೆ ಸರಿಯುತ್ತಿತ್ತು. ಅದನ್ನು ನಾನು ಗಮನಿಸಿಲ್ಲ ಎಂದುಕೊಂಡಿದ್ದೆಯಾ?

ಇನ್ನೊಂದು ಕೆಲಸ ಮಾಡಿದೆ. ಹಾಲ್ವರ್ ಬೇಟೆಗೆ ಒಯ್ಯುತ್ತಿದ್ದ ದಿಕ್ಸೂಚಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟುಕೊಂಡು ದಿಕ್ಕು ಕಲಿತೆ, ಮಗು ಅಕ್ಷರ ಕಲಿತ ಹಾಗೆ. ನಿನ್ನ ಮೇಲಿನ ಸಿಟ್ಟಿಗೇ ಕಲಿತೆ. ಈ ಬಾಯಿಂದ ಇನ್ನು ಯಾವತ್ತೂ ಸುಳ್ಳು ಉತ್ತರ ಬರಬಾರದು ಎಂದು. ಅಂಗಡಿ ಉತ್ತರಕ್ಕಿದೆ, ಚರ್ಚು ದಕ್ಷಿಣಕ್ಕಿದೆ ಎಂದು ಎಲ್ಲರೆದುರು ಬೇಕೆಂದೇ ಹೇಳುತ್ತಿದ್ದೆ. "ಗುನ್‌ವೋರ್‌ಗೆ ಗಂಡ ಹೋದ್ಮೇಲೆ ತಲೆ ತಿರುಗಿದೆ, ಊರೂ ತಿರುಗಿಸ್ತಿದಾಳೆ" ಎಂದು ಅಂಗಡಿಯವನು ನಗುತ್ತಿದ್ದ. ನಗಲಿ ಎಂದುಕೊಂಡೆ. ಒಂದು ದಿನ ಇವರಿಗೆಲ್ಲ ಬುದ್ಧಿ ಬರುತ್ತದೆ ಎಂದುಕೊಂಡೆ.

ಜನವರಿಯ ಆ ಬೆಳಿಗ್ಗೆ ನಿನ್ನ ಹೊಗೆ ಏಳಲಿಲ್ಲ. ಪರದೆ ಸರಿಯಲಿಲ್ಲ. ಕಾಫಿ ಕುದ್ದು ಒಲೆಗೆ ಉಕ್ಕಿತು. ಮೊದಲು ನಿನ್ನ ಮನೆಗೆ ಫೋನು ಮಾಡಿದೆ, ಅಷ್ಟು ವರ್ಷಗಳ ಮೇಲೆ ಮೊದಲ ಸಲ. ನಂಬರು ಬೆರಳಿಗೆ ನೆನಪಿತ್ತು. ಯಾರೂ ಎತ್ತಲಿಲ್ಲ. ಆಮೇಲೆ ಆಂಬ್ಯುಲೆನ್ಸಿಗೆ ಮಾಡಿದೆ. ಫೋನು ಎತ್ತಿದವಳು ನಗರದ ಹೆಂಗಸು, ನಯವಾದ ದನಿ. ನೆರಳು ದಂಡೆಯ ಬಾಕ್ಕೆನ್ ಮನೆ ಎಂದು ನಿನ್ನ ಮನೆಯ ಹೆಸರು ಹೇಳಿದೆ. "ನನ್ನ ಮುಂದೆ ಎರಡು ಬಾಕ್ಕೆನ್ ಇದೆಯಲ್ಲಮ್ಮ. ಸೇತುವೆಯಿಂದ ಯಾವ ಕಡೆಗೆ?" ಎಂದು ಕೇಳಿದಳು. ಅಕ್ಕ, ಆ ಪ್ರಶ್ನೆಗೆ ನಾನು ನಾಲ್ಕು ಚಳಿಗಾಲದಿಂದ ಕಾದು ಕೂತಿದ್ದೆ. ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ. ದಿಕ್ಸೂಚಿ ನೋಡಿದೆ. "ದಕ್ಷಿಣಕ್ಕೆ" ಎಂದೆ. ಗಟ್ಟಿಯಾಗಿ, ಎರಡು ಸಲ ಹೇಳಿದೆ. ಹೇಳುವಾಗ ಎದೆಯ ಯಾವುದೋ ಮೂಲೆಯಲ್ಲಿ, ನೋಡು ತೋನೆ, ಹೀಗೆ ಹೇಳಬೇಕು ಎನ್ನುವ ಸೊಕ್ಕೂ ಇತ್ತು. ಅದನ್ನೂ ಬರೆದುಬಿಡುತ್ತೇನೆ.

ಹಿಮದ ಮೇಲೆ ಕಾಲಿನಿಂದ ತಳ್ಳಿಕೊಂಡು ಹೋಗುವ ಜಾರುಬಂಡಿ ಹಿಡಿದು ಸೇತುವೆ ಸುತ್ತಿ ನಿನ್ನ ಮನೆಗೆ ಬಂದೆ. ನೀನು ಒಲೆಯ ಮುಂದೆ ಬಿದ್ದಿದ್ದೆ, ಕೈಯಲ್ಲಿ ಬರ್ಚ್ ಸೌದೆ. ಆಗ ನಿನಗೆ ಇನ್ನೂ ಮಾತಿತ್ತು. ನನ್ನನ್ನು ನೋಡಿ, ಬಾಯಿ ಒಂದು ಕಡೆ ಜೋತು ಬಿದ್ದಿದ್ದರೂ, "ಬೂಟು ಬಿಚ್ಚೇ. ನೆಲ ಒರೆಸಿದೀನಿ" ಎಂದೆ. ಇಷ್ಟು ವರ್ಷ ಆದ ಮೇಲೆ ನನ್ನಕ್ಕ ನನ್ನೊಂದಿಗೆ ಆಡಿದ ಮೊದಲ ಮಾತು. ನಾನು ಬೂಟು ಬಿಚ್ಚಿದೆ. ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. "ಬರ್ತಿದಾರೆ ಕಣಕ್ಕ, ಬಂದೇಬಿಟ್ರು" ಎನ್ನುತ್ತಿದ್ದೆ. ಕಿಟಕಿಯಿಂದ ಸೇತುವೆ ಕಾಣುತ್ತಿತ್ತು. ಆಂಬ್ಯುಲೆನ್ಸ್ ಬಂತು, ಸೇತುವೆ ದಾಟಿತು, ನಿನ್ನ ದಂಡೆಗೆ ಹತ್ತಿತು, ನಿನ್ನ ಮನೆಯಿರುವ ಮೇಲಿನ ಕಡೆಗೆ ಬರದೆ ಹೊಳೆಯ ಕೆಳಕ್ಕೆ ತಿರುಗಿ ಹೋಯಿತು.

ಅದರ ಸದ್ದು ದೂರವಾಗುವುದನ್ನು ನೀನೂ ಕೇಳಿದೆ. "ಯಾವ್ ಕಡೆ ಅಂದೆ?" ಎಂದು ಕೇಳಿದೆ, ನಾಲಿಗೆ ಆಗಲೇ ದಪ್ಪವಾಗಿತ್ತು. ನಾನು ದಕ್ಷಿಣ ಎಂದೆ. ನೀನು ನನ್ನ ಮುಖವನ್ನೇ ನೋಡಿದೆ. "ಅಯ್ಯೋ ಪೆದ್ದಿ. ಯಾರೇ ನಿಂಗ್ ಹೇಳ್ಕೊಟ್ಟಿದ್ದು?" ಎಂದೆ. ಆಮೇಲೆ ನೀನು ಆಡಿದ ಯಾವುದೂ ಮಾತಾಗಿರಲಿಲ್ಲ.

ಅವತ್ತು ಗಾಡಿ ಓಡಿಸುತ್ತಿದ್ದವನು ಮೇಲೂರಿನ ಸ್ಟೈನಾರ್. ಕಣಿವೆಯಲ್ಲೇ ಹುಟ್ಟಿದವನು, ಆದರೆ ನಮ್ಮ ಮನೆಗಳ ಗುರುತಿಲ್ಲ. ಹೊಳೆಯ ಕೆಳಗಿನ ಇನ್ನೊಂದು ಬಾಕ್ಕೆನ್ ಮನೆಯ ಬಾಗಿಲು ಬಡಿದು, ಅಲ್ಲಿಯವರು ತಿಂಡಿ ತಿನ್ನುತ್ತ ಕೂತಿದ್ದನ್ನು ನೋಡಿ, ಗಾಡಿ ತಿರುಗಿಸಿಕೊಂಡು ಬಂದನಂತೆ. ಬಂದವನ ಮುಖ ಸುಣ್ಣದ ಹಾಗಿತ್ತು. "ದೊಡ್ಡಮ್ಮ, ನೀವು ದಕ್ಷಿಣ ಅಂದ್ರಂತಲ್ಲ! ಈ ಕಣಿವೇಲಿ ಹುಟ್ಟಿದೋರು ಯಾರಾದ್ರೂ ಇದನ್ನ ದಕ್ಷಿಣ ಅಂತಾರಾ?" ಎಂದ. ನಿನ್ನನ್ನು ಸ್ಟ್ರೆಚರಿಗೆ ಎತ್ತುವಾಗಲೂ ಅದನ್ನೇ ಗೊಣಗುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಸರಿಯಾಗಿಯೇ ಕೇಳಿಸಿಕೊಂಡಿದ್ದ. ಇನ್ನೂ ಬೇಗ ಬಂದಿದ್ದರೆ ಮಾತು ಉಳಿಯುತ್ತಿತ್ತೋ ಏನೋ ಎಂದು ಡಾಕ್ಟರು ಹೇಳಿದರು. ಅವರು ಅದನ್ನು ಹೇಳಬಾರದಿತ್ತು.

ಹೀಗಿದೆ ಅಕ್ಕ. ಉತ್ತರ ಎಂದ ನಿನ್ನ ಮಾತಿಗೆ ನಕ್ಷೆಯವರು ಬಂದರು, ದಕ್ಷಿಣ ಎಂದ ನನ್ನ ಮಾತಿಗೆ ನಮ್ಮವನೇ ಬಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಬಂದ ಬುದ್ಧಿಯೇ ನಿನ್ನನ್ನು ಕೆಡಿಸಿತು. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತವಳು ನಾನು. ಈಗ ಹಾಗೆ ಬರೆಯಲು ನಾಚಿಕೆಯಾಗುತ್ತದೆ. ನೀನು ನನ್ನನ್ನು ಕ್ಷಮಿಸು ಎಂದು ಬರೆಯೋಣವೆಂದರೆ, ನೀನು ಆಗಲೇ ಗೋಡೆಯ ಕಡೆ ತಿರುಗಿ ಹೇಳಿಯಾಗಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಹಾಗೇ ಮಾಡುತ್ತಿದ್ದೆ. ಎಷ್ಟಾದರೂ ಒಬ್ಬಳೇ ತಾಯಿಯ ಮಕ್ಕಳು.

ಈ ವರ್ಷ ಹೊಳೆ ಗಟ್ಟಿಯಾಗಲೇ ಇಲ್ಲ. ನಡುವೆ ಕಪ್ಪು ನೀರು, ಎರಡೂ ಅಂಚಿಗೆ ಬೂದು ಬಣ್ಣದ ಮಂಜುಗಡ್ಡೆ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ನಿನ್ನ ಹೊಗೆಕೊಳವೆ ನೋಡುತ್ತೇನೆ, ಆಮೇಲೆ ಕಾಫಿ ಬಗ್ಗಿಸಿಕೊಳ್ಳಬೇಕೋ ಬೇಡವೋ ತಿಳಿಯುವುದಿಲ್ಲ. ನೀನು ಇನ್ನು ಆ ಮನೆಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಿನಗೂ ಹೇಳಿರಬಹುದು. ಅದಕ್ಕೆ ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ, ಹುಡುಕಿದೆ, ಸಿಗಲಿಲ್ಲ. ಬೆಕ್ಕನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳುತ್ತೇನೆ. ನೀನು ಉತ್ತರ ಬರೆಯಲಾರೆ, ನಾನು ಅದಕ್ಕೆ ಕಾಯುವುದೂ ಇಲ್ಲ. ಕೈಗವಸಿನ ಹೆಬ್ಬೆರಳು ಹರಿದಿತ್ತು, ನಿನ್ನ ಹಾಗೆ ಹೊಲಿಯಲು ಬರದಿದ್ದರೂ ಹೊಲಿದುಕೊಂಡಿದ್ದೇನೆ.

ಬೂಟು ಬಿಚ್ಚಿಯೇ ಒಳಗೆ ಬಂದ ನಿನ್ನ ತಂಗಿ,
ಗುನ್‌ವೋರ್

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿಟ್ಟಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ. ಅಕ್ಕ, ಈಗಷ್ಟೇ ಸಿಸ್ಸೆಲ್ ಫೋನು ಮಾಡಿದ್ದಳು. ಖುಷಿಯಲ್ಲಿ ಅವಳ ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ನಿಮ್ಮಕ್ಕಂಗೆ ಮಾತು ಬಂತಮ್ಮ! ಒಂದೇ ಒಂದು ಮಾತು, ಅದನ್ನೇ ನಿನ್ನೆಯಿಂದ ಹೇಳ್ತಿದಾರೆ: ಉತ್ತರ, ಉತ್ತರ ಅಂತ. ಅದಕ್ಕೇ ನಾವೆಲ್ಲ ಸೇರಿ ಅವರ ಮಂಚಾನ ಗೋಡೆ ಹತ್ರದಿಂದ ಎತ್ತಿ, ಉತ್ತರದ ದೊಡ್ಡ ಕಿಟಕಿ ಮುಂದೆ ಹಾಕಿದೀವಿ. ಈಗ ಇಡೀ ಸಮುದ್ರ ಕಾಣತ್ತೆ. ನೋಡ್ತಾ ನೋಡ್ತಾ ಕಣ್ಣೀರು ಸುರಿಸ್ತಾರೆ, ಪಾಪ, ಸಂತೋಷಕ್ಕೆ" ಎಂದಳು. ನೀನು ಇನ್ನೂ ಹಾಲ್ವರ್‌ನಿಗಾಗಿ ಫೋನಿನಲ್ಲಿ ಕೂಗುತ್ತಿದ್ದೀಯೋ, ಮನೆಗೆ ಹೋಗಬೇಕು ಎನ್ನುತ್ತಿದ್ದೀಯೋ, ನನಗೆ ಗೊತ್ತಿಲ್ಲ. ಮಂಚ ತಿರುಗಿಸು ಎಂದು ಹೇಳಹೋದೆ, ಯಾವ ದಿಕ್ಕಿನ ಹೆಸರು ಹೇಳಲೂ ಧೈರ್ಯವಾಗಲಿಲ್ಲ. ಹೊಳೆ ಬರುವ ಕಡೆಗೆ ಎಂದೆ. "ಆ ಕಡೆ ಏನೂ ಇಲ್ಲಮ್ಮ, ಮೊದಲಿದ್ದ ಗೋಡೆ ಅಷ್ಟೇ. ನೀವು ಬಂದಾಗ ನೋಡ್ತಾ ಮಲಗಿದ್ರಲ್ಲ, ಅದೇ" ಎಂದಳು. ಆ ಗೋಡೆಗೇ ತಿರುಗಿಸು ತಾಯಿ, ಅದರಾಚೆ ನಮ್ಮ ಮನೆ ಇದೆ ಎಂದೆ.